ಹನ್ನೆರಡು ಹುಣಸೆಬೀಜ

ಆ ಸಹಿ ಕಣ್ಣಿಗೆ ಬಿದ್ದಾಗ ಎಜ್ರಾ ಪೇಣ್ಕರ್ ಕಾಲೇಜು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತೊಡೆಯ ಮೇಲೆ ರಟ್ಟು ಆನಿಸಿಕೊಂಡು, ಹುಡುಗಿಯರು ಮನೆಯಿಂದ ತಂದಿದ್ದ ಒಪ್ಪಿಗೆ ಪತ್ರಗಳನ್ನು ತಿರುವುತ್ತಿದ್ದ. ಅರಸೀಕೆರೆಯಿಂದ ಬೇಲೂರಿಗೆ ಹೋಗಿ, ಒಂದು ಬಾಸ್ಕೆಟ್‌ಬಾಲ್ ಪಂದ್ಯ ಆಡಿಸಿ, ಕತ್ತಲಾಗುವುದರೊಳಗೆ ಹಿಂತಿರುಗುವ ಪ್ರಯಾಣ. ಮೂವತ್ತಮೂರು ವರ್ಷಗಳಲ್ಲಿ ಎಷ್ಟೋ ಸಲ ಮಾಡಿದ್ದು. ಈ ತಿಂಗಳ ಕೊನೆಗೆ ನಿವೃತ್ತಿಯಾದ್ದರಿಂದ ಇದೇ ಕೊನೆಯದು, ಅದನ್ನು ಬಿಟ್ಟರೆ ವಿಶೇಷವೇನಿಲ್ಲ ಎಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಗೆ ಹೇಳಿಕೊಂಡಿದ್ದ. ಏಳನೆಯ ಪತ್ರ ಸಿರಿಯದು. ಮೊದಲ ವರ್ಷದ ಹುಡುಗಿ, ಬಿಕ್ಕೋಡಿನವಳು, ಹಾಸ್ಟೆಲ್ಲಿನಲ್ಲಿರುತ್ತಾಳೆ, ಎಡಗೈಯಿಂದಲೂ ಬಲಗೈಯಿಂದಲೂ ಒಂದೇ ಸಮ ಚೆಂಡು ಪುಟಿಸುತ್ತಾಳೆ ಎಂಬಷ್ಟೇ ಅವನಿಗೆ ಗೊತ್ತಿತ್ತು. ಪತ್ರದ ಕೆಳಗೆ, ತಾಯಿ ಎಂಬಲ್ಲಿ, ಹೇಮಾಶ್ರೀ. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಇಡೀ ಹೆಸರಿನಡಿ ಗೆರೆಯಾಗಿಸಿ, ಗೆರೆಯ ತುದಿಗೊಂದು ಚುಕ್ಕೆ. ಈ ಗೆರೆಯನ್ನೂ ಚುಕ್ಕೆಯನ್ನೂ ಅವನು ಬಲ್ಲ. ಪ್ರತಿ ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟಿನಲ್ಲಿ ಕ್ಯಾಪ್ಟನ್ ಎಂಬಲ್ಲಿ ಬೆವರಿದ ಕೈಯಿಂದ ಬೀಳುತ್ತಿದ್ದ ಸಹಿ ಅದು. ಹತ್ತೊಂಬತ್ತು ವರ್ಷಗಳ ಕೆಳಗಿನ ಆ ಶೀಟುಗಳು ಈಗಲೂ ಅವನ ಬೀರುವಿನಲ್ಲಿವೆ. ಜೂನ್ ತಿಂಗಳಿಂದ ಸಿರಿ ಚೆಂಡು ಹಿಡಿದು ಬಗ್ಗಿದಾಗಲೆಲ್ಲ ತನಗೆ ಯಾರದೋ ನೆನಪು ಬಂದಂತಾಗುತ್ತಿದ್ದುದು ಇದಕ್ಕೇನಾ? ಸಹಿಯ ಕೆಳಗೆ ಇನ್ನೊಂದು ಸಾಲು, ಅದೇ ಅಕ್ಷರದಲ್ಲಿ: ಪಂದ್ಯ ಮುಗಿದ ಮೇಲೆ ಮಗಳನ್ನು ಹಗರೆಯಲ್ಲಿ ಅವಳ ತಾತ ಜವರಯ್ಯನವರ ವಶಕ್ಕೆ ಒಪ್ಪಿಸಬೇಕಾಗಿ ಕೋರುತ್ತೇನೆ.

ಜವರಯ್ಯ. ಪೇಣ್ಕರ್ ರಟ್ಟನ್ನು ಮಡಚಿ ಕಂಕುಳಿಗಿಟ್ಟುಕೊಂಡ.

"ಹುಂಡಿ ಬಂತು ಕಣ್ರೇ, ಕಾಣಿಕೆ ಹಾಕ್ರೇ," ಎಂದು ಸೌಂದರ್ಯ ಕೂಗಿದಳು. ಅವಳು ಈಗಿನ ಕ್ಯಾಪ್ಟನ್, ಬಾಯಿ ಜೋರು. ಹುಡುಗಿಯರು ನಗುತ್ತ ಸಾಲಾಗಿ ಬಂದರು. ಪೇಣ್ಕರ್ ತಲೆ ಎಣಿಸುವವನಲ್ಲ. ಗಾಜಿನ ಬಾಟಲಿಯಿಂದ ಪ್ರತಿಯೊಬ್ಬಳೂ ಒಂದು ಹುಣಸೆಬೀಜ ತೆಗೆದು ಅವನು ಮಗುಚಿ ಹಿಡಿದ ಕ್ಯಾಪಿನೊಳಗೆ ಹಾಕಿ ಬಸ್ಸು ಹತ್ತಬೇಕು. ಕೊನೆಗೆ ಅವನು ಬೀಜಗಳನ್ನು ಅಂಗೈಗೆ ಸುರಿದುಕೊಂಡು ಎಣಿಸುತ್ತಾನೆ. ಹನ್ನೆರಡಿದ್ದರೆ ಬಸ್ಸು ಹೊರಡುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ದಾರಿಯಲ್ಲಿ ನಿಂತಾಗಲೆಲ್ಲ ಒಮ್ಮೆ. ಇದು ಸಾರ್ ಗೆಲ್ಲಲು ಮಾಡುವ ಶಾಸ್ತ್ರ ಎಂದು ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ಡ್ರೈವರ್ ಇಂದ್ರೇಶನಂತೂ ಸ್ಟೇರಿಂಗಿನ ಮೇಲೆ ಮೊಣಕೈಯೂರಿ, "ಅಲ್ಲಾ ಸಾರ್, ಇಷ್ಟ್ ವರ್ಷದ ಬೀಜಾನ ಕಿಟಕಿಯಿಂದ ಎಸ್ಕೊಂಡ್ ಬಂದಿದ್ರೆ ಅರಸೀಕೆರೆಯಿಂದ ಹಾಸನದ್ ಗಂಟ ಸಾಲುಮರ ಆಗೋದು, ಊರೋರು ನಿಮ್ ಹೆಸರೇಳ್ಕೊಂಡ್ ಹುಳಿ ಮಾಡೋರು," ಅಂದ. ಪೇಣ್ಕರ್ ನಕ್ಕ ಹಾಗೆ ಮಾಡಿದ. ಹತ್ತೊಂಬತ್ತು ವರ್ಷಗಳಿಂದ ಅವನು ಬೀಜವನ್ನಲ್ಲ, ಹಾಕುವ ಕೈಯನ್ನೂ ಕೈಯ ಮೇಲಿನ ಮುಖವನ್ನೂ ನೋಡುತ್ತಾನೆ, ಒಂದು ಕೈ ಎರಡು ಸಲ ಬಾರದ ಹಾಗೆ. ಸಿರಿಯ ಸರದಿ ಬಂದಾಗ ಅವಳು ಬೀಜವನ್ನು ಕಣ್ಣಿಗೊತ್ತಿಕೊಂಡು ಹಾಕಿದಳು. ಮುಖ ನೋಡುವುದು ಅವನಿಂದಾಗಲಿಲ್ಲ.

ಎಣಿಸಬಾರದು ಎಂದು ಕಲಿಸಿದ್ದು ಅಪ್ಪ. ಐಸಾಕ್ ಪೇಣ್ಕರ್ ಗೂಡ್ಸ್ ಗಾಡಿಯ ಗಾರ್ಡು. ಕೊಂಕಣದ ಕಡಲತೀರದ ಯಹೂದಿ ಮನೆತನ ರೈಲಿನ ಹಿಂದೆ ಹಿಂದೆಯೇ ಬಂದು ಅರಸೀಕೆರೆ ಜಂಕ್ಷನ್ನಿನ ಕ್ವಾರ್ಟರ್ಸಿನಲ್ಲಿ ನಿಂತಿತ್ತು. ಹಗಲೆಲ್ಲ ವ್ಯಾಗನ್ನು ಎಣಿಸಿ ಬಂದ ಅಪ್ಪ ಊಟಕ್ಕೆ ಕುಳಿತ ಮಕ್ಕಳನ್ನು ಮಾತ್ರ ಎಣಿಸುತ್ತಿರಲಿಲ್ಲ. ಮನೆಮಾತು ಮರಾಠಿಯಲ್ಲಿ, ಬೆರಳು ಮಡಚುತ್ತ, ಒಂದಲ್ಲ, ಎರಡಲ್ಲ, ಮೂರಲ್ಲ ಎನ್ನುತ್ತಿದ್ದ, ಯಾರಿಗೋ ಕೇಳಿಸಿ ಅವರು ಮೋಸ ಹೋಗಲಿ ಎಂಬಂತೆ. ಹಿಂದೆ ಒಬ್ಬ ರಾಜ ಇದ್ದನಂತೆ, ದೇವರಿಗೆ ಬಹಳ ಬೇಕಾದವನಂತೆ. ಒಂದು ದಿನ ಅವನಿಗೆ ತನ್ನ ಜನ ಎಷ್ಟಿದ್ದಾರೆ ಎಂದು ಎಣಿಸುವ ಮನಸ್ಸಾಯಿತಂತೆ. ಎಣಿಸಿ ಮುಗಿಸುವಷ್ಟರಲ್ಲಿ ದೇಶಕ್ಕೆ ಮಾರಿ ಹೊಕ್ಕು, ಬಂದ ಲೆಕ್ಕ ಉಳಿಯಲೇ ಇಲ್ಲವಂತೆ. ಹಾಗಾಗಿ ತಲೆ ಎಣಿಸಬಾರದು. ತಲೆಗೊಂದು ಕಾಸೋ ಕಲ್ಲೋ ಇಡಿಸಿ ಅದನ್ನು ಎಣಿಸಬಹುದು. ಲೆಕ್ಕ ನಮ್ಮದು ಮಗಾ, ತಲೆ ಅವನದು ಎಂದು ಅಪ್ಪ ಸೂರಿನ ಕಡೆ ಕೈ ಮಾಡುತ್ತಿದ್ದ. ಶುಕ್ರವಾರ ಸಂಜೆ ಅಮ್ಮ ಎಣ್ಣೆ ದೀಪ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಪಕ್ಕದ ಕ್ವಾರ್ಟರ್ಸಿನ ದ್ಯಾವಮ್ಮ ಬಾಗಿಲಲ್ಲಿ ಇಣುಕಿ, "ನಮ್ಮಂಗೇಯ ಶುಕ್ರವಾರ ದೀಪ ಹಚ್ತಾರೆ ಕಣವ್ವಾ ಇವ್ರೂವೆ," ಎಂದು ತಾನೂ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದಳು. ಅಷ್ಟೇ ಸಾಕಾಗಿತ್ತು ಆಗ. ಕೆಲಸಕ್ಕೆ ಸೇರಿದ ಮೇಲೆ ಸಾಲಲಿಲ್ಲ. ಸ್ಟಾಫ್ ರೂಮಿನಲ್ಲಿ ಮೊದಲ ವರ್ಷ ಯಾರೋ ಹ್ಯಾಪಿ ಕ್ರಿಸ್‌ಮಸ್ ಅಂದರು, ಅವನು ಥ್ಯಾಂಕ್ಯೂ ಅಂದ. ಆಮೇಲೆ ಮೂವತ್ತೆರಡು ಸಲ ಥ್ಯಾಂಕ್ಯೂ ಅನ್ನಬೇಕಾಯಿತು. ಒಮ್ಮೆ ಧೈರ್ಯ ಮಾಡಿ ನಾನು ಯಹೂದಿ ಎಂದು ಹೇಳಿದ್ದ. ಕೇಳಿದವರು ಟೀವಿಯಲ್ಲಿ ಬರುತ್ತಿದ್ದ ಯುದ್ಧದ ಬಗ್ಗೆ ಅವನನ್ನೇ ವಿಚಾರಿಸತೊಡಗಿದರು. ಪುಣೆಯಾಚೆ ಕಾಲಿಡದ ಪೇಣ್ಕರ್ ಒಂದು ದೇಶದ ಪರವಾಗಿ ಅರ್ಧ ಗಂಟೆ ಉತ್ತರ ಕೊಡಬೇಕಾಗಿ ಬಂತು. ಅಂದಿನಿಂದ ಥ್ಯಾಂಕ್ಯೂ ಎಂಬುದೇ ಸುಲಭವಾಯಿತು.

ಜಾವಗಲ್ ದಾಟುವಾಗ ಹುಡುಗಿಯರು ಹಾಡುತ್ತಿದ್ದರು. ಹಳೇಬೀಡು ಹತ್ತಿರವಾದಂತೆ ಪೇಣ್ಕರ್ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದ. ಪ್ರತಿ ಸಲವೂ ಇಲ್ಲಿ ಹೀಗೇ. ದೇವಸ್ಥಾನದ ಎದುರಿನ ಬಸ್ ನಿಲ್ದಾಣ, ಎಳನೀರಿನ ರಾಶಿ, ಸಣ್ಣ ಕಲ್ಲಾನೆಗಳನ್ನು ತಟ್ಟೆಯಲ್ಲಿ ಹೊತ್ತು ಕಿಟಕಿಗೆ ಬರುವ ಮಾರಾಟಗಾರರು, ಹಿಂಬದಿಯಲ್ಲಿ ಆ ನಲ್ಲಿ. ಹತ್ತೊಂಬತ್ತು ವರ್ಷಗಳ ಕೆಳಗೆ, ಅವತ್ತು ಬೇಲೂರಿನಲ್ಲಿ ಗೆದ್ದು ಹಿಂತಿರುಗುವಾಗ ಟೀಗೆ ನಿಲ್ಲಿಸಿದ್ದರು. ಮುಂದಿನ ವಾರ ಮೈಸೂರಿನಲ್ಲಿ ಫೈನಲ್ಲು. ಸುಣ್ಣದ ಗೆರೆಯನ್ನು ಪ್ರತಿ ಮಳೆಗಾಲ ತಾನೇ ಎಳೆದು, ಬಿರುಕು ಬಿಟ್ಟ ಬೋರ್ಡಿಗೆ ತಾನೇ ಹಲಗೆ ಹೊಡೆದು, ಹದಿನಾಲ್ಕು ವರ್ಷ ಕಾದ ಮೇಲೆ ಸಿಕ್ಕ ತಂಡ. ಅವನು ಟೀ ಕುಡಿಯುತ್ತಲೇ ಮಣ್ಣಿನಲ್ಲಿ ಕಡ್ಡಿಯಿಂದ ಫೈನಲ್ಲಿನ ಚಿತ್ರ ಗೀಚುತ್ತಿದ್ದ, ಹೇಮಾ ಇಲ್ಲಿಂದ ಒಳಗೆ ನುಗ್ಗಬೇಕು, ಹಂಸಾ ಇಲ್ಲಿ ತಡೆಯಬೇಕು. ಕ್ಯಾಪನ್ನು ಮುಂದಿನ ಸೀಟಿನ ಮೇಲೆ ಇಟ್ಟುಬಿಟ್ಟಿದ್ದ. ಹುಡುಗಿಯರು ತಾವೇ ಹಾಕಿಕೊಂಡು ಹತ್ತಿದ್ದರು. ಎಣಿಸಿದ. ಹನ್ನೆರಡಿತ್ತು. ರೈಟ್ ಅಂದ. ಅರಸೀಕೆರೆಯಲ್ಲಿ ಇಳಿಯುವಾಗ ಹಂಸಾ ಅಳುತ್ತಿದ್ದಳು. "ಸಾರ್, ಹೇಮಾ ಬೀಜಾನೂ ನಾನೇ ಹಾಕ್ಬಿಟ್ಟೆ ಸಾರ್. ನಲ್ಲಿ ಹತ್ರ ಮುಖ ತೊಳ್ಯಕ್ಕೆ ಹೋಗಿದ್ಲು. ಬಂದ್ಬಿಡ್ತಾಳೆ ಅಂತ ಹಾಕ್ದೆ. ಹಾಡು ಹೇಳ್ತಾ ಮರ್ತೇಹೋಯ್ತು ಸಾರ್." ಆಗ ಹುಡುಗಿಯರ ಕೈಯಲ್ಲಿ ಫೋನಿರಲಿಲ್ಲ. ನಿಲ್ದಾಣದಲ್ಲಿ ಒಂದು ಗಂಟೆ ಕಾದ ಹೇಮಾಶ್ರೀ ಅರೇಹಳ್ಳಿ ಕಡೆಯ ಯಾವುದೋ ಜೀಪು ಹತ್ತಿ ಹಗರೆಯ ತನ್ನ ಮನೆಗೆ ಹೋಗಿದ್ದಳು. ಜೀಪಿನ ಹುಡುಗ ಅವಳನ್ನು ಮುಂದಿನ ಸೀಟಿನಿಂದ ಇಳಿಸಿ ಹೋದದ್ದನ್ನು ಡೈರಿಗೆ ಹಾಲು ತಂದಿದ್ದ ಊರೆಲ್ಲ ನೋಡಿತು.

ಮಾರನೆಯ ದಿನ ಪ್ರಿನ್ಸಿಪಾಲ್ ಗೋಪಾಲಸ್ವಾಮಿಗಳ ಕೋಣೆ. ಮೇಜಿನ ಮೇಲೆ ಮಂತ್ರಾಕ್ಷತೆಯ ಪೊಟ್ಟಣ, ಗಾಜಿನಡಿ ದೇವರ ಪಟ. ಹೇಮಾಶ್ರೀಯ ಅಪ್ಪ ಜವರಯ್ಯ, ಕುರ್ಚಿ ತೋರಿಸಿದರೂ ಕೂರದೆ, ಹೆಗಲ ವಸ್ತ್ರವನ್ನು ಕೈಗೆ ಸುತ್ತಿಕೊಂಡು ನಿಂತಿದ್ದ. ಬಾಗಿಲ ಬಳಿ ಹೇಮಾಶ್ರೀ. "ನನ್ನ ಬಿಟ್ ಹೋದ್ರು ಅಂತಾಳೆ ಬುದ್ಧಿ. ನೀವು ಎಣಿಸ್ಕೊಂಡು ಹೊರಡಿಸಿದ್ರಾ ಇಲ್ವಾ, ಅದೊಂದ್ ಹೇಳ್ಬಿಡಿ ಮೇಷ್ಟ್ರೇ," ಅಂದ. ಎಣಿಸಿದ್ದೇನೋ ಹೌದು, ಆದರೆ ಬೀಜ ಎಂದು ಹೇಳಬೇಕಾಗಿತ್ತು. ಬೀಜ ಅಂದರೆ ಯಾಕೆ ಬೀಜ ಎಂದು ಕೇಳುತ್ತಾರೆ. ನಮ್ಮಲ್ಲಿ ಹಾಗೆ ಅಂದರೆ, ನಿಮ್ಮಲ್ಲಿ ಅಂದರೆ ಯಾರಲ್ಲಿ ಎನ್ನುತ್ತಾರೆ. ರಾಜನ ಕಥೆ ಹೇಳಬೇಕು. ಗೋಪಾಲಸ್ವಾಮಿಗಳು ಕನ್ನಡಕ ಮೇಲೆತ್ತಿ ನೋಡುತ್ತಾರೆ. ಒಬ್ಬ ಮೇಷ್ಟ್ರು ಹೆಣ್ಣುಮಕ್ಕಳನ್ನು ಹುಣಸೆಬೀಜದ ಲೆಕ್ಕದಲ್ಲಿ ಊರೂರು ತಿರುಗಿಸುತ್ತಾನೆ ಎಂದು ಸಂಜೆಯೊಳಗೆ ಅರಸೀಕೆರೆಯೆಲ್ಲ ನಗುತ್ತದೆ. ಇದೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಅವನ ತಲೆಯಲ್ಲಿ ಹಾದುಹೋಯಿತು. "ಎಣಿಸಿದೆ. ಹನ್ನೆರಡಿತ್ತು," ಅಂದ. ಸುಳ್ಳೇನೂ ಅಲ್ಲ ಎಂದು ಅಂದುಕೊಂಡ. ಜವರಯ್ಯ ಮಗಳ ಕಡೆ ತಿರುಗಿ ನೋಡಿದ, ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲರೂ ಹತ್ತಿದ ಮೇಲೆ ಇವಳು ತಾನಾಗಿಯೇ ಇಳಿದಿದ್ದಾಳೆ, ಜೀಪಿಗಾಗಿಯೇ ಇಳಿದಿದ್ದಾಳೆ ಎಂದಷ್ಟೇ ಆ ನೋಟದಲ್ಲಿತ್ತು. ಹೇಮಾಶ್ರೀ ಪೇಣ್ಕರನ ಕ್ಯಾಪನ್ನೇ ನೋಡುತ್ತಿದ್ದಳು. ಸಂಜೆ ಅವನು ಹಂಸಾಳನ್ನು ಕರೆದು, ಆದದ್ದಾಯ್ತು, ಇನ್ನು ಯಾರ ಹತ್ತಿರವೂ ಹೇಳಬೇಡ ಎಂದ. ಎರಡು ತಿಂಗಳಲ್ಲಿ ಹೇಮಾಶ್ರೀ ಬಿಕ್ಕೋಡಿಗೆ ಮದುವೆಯಾಗಿ ಹೋದಳು ಎಂದು ಸುದ್ದಿ ಬಂತು. ಫೈನಲ್ಲನ್ನು ಎರಡು ಅಂಕದಲ್ಲಿ ಸೋತರು. ಮತ್ತೆಂದೂ ಅಷ್ಟು ದೂರ ಹೋಗಲಿಲ್ಲ.

ಬೇಲೂರಿನ ಕಾಲೇಜಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮನೆಗಳ ಮೇಲಿಂದ ಚೆನ್ನಕೇಶವನ ಗೋಪುರದ ತುದಿ ಕಾಣುತ್ತಿತ್ತು. ಮೈಕಿನ ಯುವಕ, "ಅರಸೀಕೆರೆಯ ಹಿರಿಯ ತರಬೇತುದಾರರು, ಈ ತಿಂಗಳು ನಿವೃತ್ತಿ ಹೊಂದುತ್ತಿರುವ ಶ್ರೀಯುತ ಪಿಂಕರ್ ಅವರು," ಎಂದು ಕೂಗಿ, ಹಾರ ಹಾಕಿ, ಕಿವಿಯಲ್ಲಿ, "ತಾವು ಮಂಗಳೂರು ಕಡೇರಾ ಸಾರ್?" ಎಂದು ವಿಚಾರಿಸಿದ. ಪೇಣ್ಕರ್ ಹಾಗೇ ಅನ್ನಿ ಎಂಬಂತೆ ತಲೆಯಾಡಿಸಿದ. ಪಂದ್ಯ ಶುರುವಾಯಿತು. ಮೂರನೆಯ ಕ್ವಾರ್ಟರಿನಲ್ಲಿ ಸಿರಿ ಇಬ್ಬರ ನಡುವೆ ಚೆಂಡನ್ನು ಪುಟಿಸುತ್ತ ಬಗ್ಗಿ ಬಂದಳು. ಎಡಕ್ಕೆ ಜಾಗವಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಅವನು ಗೆರೆಯಂಚಿಗೆ ಓಡಿ ಗಂಟಲು ಹರಿಯುವಂತೆ ಕೂಗಿದ, "ಹೇಮಾ, ಎಡಕ್ಕೆ! ಎಡಕ್ಕೆ ಹೇಮಾ!" ಸಿರಿ ಎಡಕ್ಕೆ ತಿರುಗಿ, ಎರಡು ಹೆಜ್ಜೆ ಹಾಕಿ, ಚೆಂಡನ್ನು ರಿಂಗಿಗೆ ಇಳಿಬಿಟ್ಟಳು. ಚಪ್ಪಾಳೆ ಬಿತ್ತು. ಪೇಣ್ಕರ್ ತಾನು ಕೂಗಿದ ಹೆಸರನ್ನು ಆಮೇಲೆ ಕೇಳಿಸಿಕೊಂಡ. ಎದುರು ಬದಿಯ ಮೆಟ್ಟಿಲ ಮೇಲೆ ಕುಳಿತ ಹೆಂಗಸರ ನಡುವೆ ಒಬ್ಬಳು ಎದ್ದು ನಿಂತಿದ್ದಳು, ಕರೆದರೆ ಅಂಗಳಕ್ಕೆ ಇಳಿದೇಬಿಡುವವಳ ಹಾಗೆ. ಉಳಿದ ಆಟ ಅವನ ಕಣ್ಣಿಗೆ ಬೀಳಲಿಲ್ಲ. ಟೈಮ್‌ಔಟಿನಲ್ಲಿ ಏನು ಹೇಳಿದನೋ ತಿಳಿಯದು. ಗೆದ್ದೆವು ಎಂದು ಸೌಂದರ್ಯ ಅವನ ಕೈ ಕುಲುಕಿದಾಗಲೇ ಗೊತ್ತಾದದ್ದು.

ಹೇಮಾಶ್ರೀ ನೆರಳಲ್ಲಿ ಕಾಯುತ್ತಿದ್ದಳು. ಕೆನ್ನೆ ತುಂಬಿ, ಕೂದಲಲ್ಲಿ ಒಂದೆರಡು ಬಿಳಿ ಎಳೆ ಬಂದಿತ್ತು. ನಿಲ್ಲುವ ಭಂಗಿ ಮಾತ್ರ ಅದೇ, ಭಾರವನ್ನೆಲ್ಲ ಮುಂಗಾಲಿಗೆ ಹಾಕಿ.

"ನನ್ ಹೆಸರು ಕೂಗಿದ್ರಿ," ಅಂದಳು. "ಎದ್ದೇ ನಿಂತ್ಬಿಟ್ಟೆ ಸಾರ್. ಪಕ್ಕದೋರು ನಗಾಡಿದ್ರು."

"ಬಾಯಿ ತಪ್ತು."

"ಚೆನ್ನಾಗ್ ಆಡ್ತಾಳಾ?"

"ನಿನ್ನ ಹಾಗೇ."

"ನನ್ನ ಹಾಗೆ ಬೇಡ ಸಾರ್. ನಾನ್ ಆಡಿದ್ದೇ ಒಂದೂವರೆ ವರ್ಷ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಹಂಸಾ ಸಿಕ್ಕಿದ್ಲು. ಮೂರು ವರ್ಷದ್ ಕೆಳಗೆ, ಹಾಸನದಲ್ಲಿ ಒಂದ್ ಮದುವೇಲಿ. ಕೈ ಹಿಡ್ಕೊಂಡು ಅತ್ಲು. ಎರಡು ಬೀಜ ಹಾಕಿದ್ದೂ ಹೇಳಿದ್ಲು, ನೀವು ಹೇಳ್ಬೇಡ ಅಂದಿದ್ದೂ ಹೇಳಿದ್ಲು."

ಪೇಣ್ಕರ್ ಕೊರಳಿನ ಹಾರವನ್ನು ತೆಗೆಯಲು ಹೋದ. ದಾರ ಶರ್ಟಿನ ಗುಂಡಿಗೆ ಸಿಕ್ಕಿಕೊಂಡಿತು. ಅವಳು ಅದನ್ನು ನೋಡುತ್ತಿದ್ದಳು, ಸಹಾಯಕ್ಕೆ ಬರಲಿಲ್ಲ.

"ಗೊತ್ತಿದ್ದೂ ಸಿರೀನ ನಮ್ಮ ಕಾಲೇಜಿಗೇ ಸೇರಿಸಿದೆಯಾ?"

"ಮತ್ತೆಲ್ಲಿ ಕಲೀತಾಳೆ? ಆಟ ಹೇಳ್ಕೊಡೋದ್ರಲ್ಲಿ ನಿಮ್ದೇನ್ ತಪ್ಪಿಲ್ವಲ್ಲ." ಮಗಳು ಬರುತ್ತಿದ್ದಾಳೆಯೇ ಎಂದು ಅಂಗಳದ ಕಡೆ ನೋಡಿದಳು. "ಬಿಟ್ಟೋಗಿದ್ದಕ್ಕೆ ನನಗೇನಿಲ್ಲ ಸಾರ್. ಯಾರಾದ್ರೂ ಮರೀತಾರೆ. ಆ ಜೀಪಿನ ಹುಡುಗ ಪಾಪ, ಕೂತ್ಕೊಳವ್ವ ಅಂತ ಮುಂದಿನ್ ಸೀಟ್ ಕೊಟ್ಟ, ಅಷ್ಟೇ. ನನ್ ಸಂಸಾರಾನೂ ಚೆನ್ನಾಗೇ ಇದೆ. ನಮ್ಮಪ್ಪನದ್ದೇ ತಡ್ಯೋಕಾಗಲ್ಲ. ಹಬ್ಬಕ್ಕೆ ಕರೀತಾರೆ, ಸೀರೆ ಕೊಡ್ತಾರೆ. ಎಲ್ಲಿಂದ ಬಂದೆ, ಯಾವ್ ಬಸ್ಸಿಗ್ ಬಂದೆ, ಸೀಟ್ ಸಿಕ್ತಾ ಅಂತ ಮನೆಗ್ ಬಂದೋರ್ನೆಲ್ಲಾ ಕೇಳೋ ಮನುಷ್ಯ, ನನ್ನ ಮಾತ್ರ ಕೇಳಲ್ಲ. ಹತ್ತೊಂಬತ್ತು ವರ್ಷ ಆಯ್ತು. ಕೇಳಿದ್ರೆ ನಾನ್ ಏನಾರೂ ಹೇಳ್ತೀನಿ, ಅದನ್ನ ನಂಬೋಕಾಗಲ್ಲ. ಅದಕ್ಕೇ ಕೇಳೋದನ್ನೇ ಬಿಟ್ಬಿಟ್ರು."

"ನೀನೇ ಹೇಳಬಹುದಿತ್ತಲ್ಲ, ಹಂಸಾ ಹೇಳಿದ್ದನ್ನ."

"ಸುಳ್ಳಿ ಹೇಳಿದ್ರೆ ಯಾರ್ ಕೇಳ್ತಾರೆ?" ಅವಳು ನಕ್ಕಳು. "ನಿಮ್ ಮಾತನ್ನ ಅವರು ದೇವರ ಮಾತಿನಂಗೆ ಇಟ್ಕೊಂಡವ್ರೆ. ಹಗರೆ ಡೈರಿ ಹತ್ರ ನಿಂತಿರ್ತಾರೆ. ನಾನ್ ಬಲವಂತ ಮಾಡಲ್ಲ ಸಾರ್. ನಿಮ್ ಬಸ್ಸು ಹೋಗೋ ದಾರೀಲೇ ಇದೆ ಅಂತ ಹೇಳ್ದೆ." ಅಷ್ಟರಲ್ಲಿ ಬಂದ ಮಗಳ ಬೆವರನ್ನು ಸೆರಗಿನಿಂದ ಒರೆಸಿ, ಬಿಕ್ಕೋಡಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಬೇಲೂರಿನಿಂದ ಹಗರೆ ಎಷ್ಟು ದೂರ! ಅಥವಾ ಎಷ್ಟು ಹತ್ತಿರ! ಕ್ಯಾಪಿನಲ್ಲಿ ಹನ್ನೆರಡು ಬೀಜ ಬಿದ್ದಿತ್ತು, ಕೈ ನೋಡಿ, ಮುಖ ನೋಡಿ ಎಣಿಸಿ ಜೇಬಿಗೆ ಹಾಕಿಕೊಂಡಿದ್ದ. ಆದರೂ ಮತ್ತೆ ಮತ್ತೆ ತಿರುಗಿ ಸೀಟುಗಳನ್ನು ನೋಡುತ್ತಿದ್ದ. ಮುದುಕನಿಗೆ ಇವತ್ತು ಜ್ವರ ಬಂದಿರಲಿ. ಬೇಡ, ಜ್ವರ ಬೇಡ, ಡೈರಿಯ ಸಾಲು ಉದ್ದವಿರಲಿ, ಬೇರೆ ಯಾರನ್ನಾದರೂ ಕಳಿಸಿರಲಿ. ಸೌಂದರ್ಯಳ ಕೈಯಲ್ಲಿ ಸಿರಿಯನ್ನು ಇಳಿಸಿ ತಾನು ಸೀಟಿನಲ್ಲೇ ಕುಳಿತು ಕೈ ಬೀಸಬಹುದು. ಕೊನೆಯ ಪ್ರಯಾಣ, ಸುಸ್ತಾಗಿದೆ, ವಯಸ್ಸಾಯಿತು. ಹೇಳಿದರೆ ಏನಾಗುತ್ತದೆ? ನನ್ನ ಮಗಳ ಜನ್ಮವನ್ನು ಹುಣಸೆಬೀಜಕ್ಕೆ ಮಾರಿದೆಯಾ ಎಂದು ನಡುರಸ್ತೆಯಲ್ಲಿ ಕಾಲರು ಹಿಡಿಯಬಹುದು. ಹುಡುಗಿಯರು ಕಿಟಕಿಗಳಿಂದ ನೋಡುತ್ತಾರೆ. ಒಬ್ಬಳು ಫೋನಿನಲ್ಲಿ ಹಿಡಿದುಕೊಳ್ಳುತ್ತಾಳೆ. ಬೀಳ್ಕೊಡುಗೆ ಸಮಾರಂಭದ ಹೊತ್ತಿಗೆ ಅದು ಎಲ್ಲರ ಕೈಗೆ ಬಂದಿರುತ್ತದೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಮುದುಕ ಇನ್ನೊಂದಿಷ್ಟು ವರ್ಷ ಮಗಳನ್ನು ಯಾವ ಬಸ್ಸೆಂದು ಕೇಳದೆ ಇದ್ದು ಹೋಗಿಬಿಡುತ್ತಾನೆ, ಅಷ್ಟೇ. ಅಪ್ಪ ಒಂದಲ್ಲ ಎರಡಲ್ಲ ಎಂದು ಬೆರಳು ಮಡಚುತ್ತಿದ್ದುದು ಮಕ್ಕಳನ್ನು ಕಾಯುವುದಕ್ಕೆ. ಆ ಬೆರಳುಗಳ ಹಿಂದೆಯೇ ಅಲ್ಲವೇ ತಾನು ಬಚ್ಚಿಟ್ಟುಕೊಂಡದ್ದು? ಅವನು ಕಣ್ಣು ಮುಚ್ಚಿ, ಅಮ್ಮ ದೀಪದ ಮುಂದೆ ಹೇಳುತ್ತಿದ್ದ ಮಾತನ್ನು ನೆನಪು ಮಾಡಿಕೊಳ್ಳಲು ನೋಡಿದ. ಅರ್ಧ ಮಾತ್ರ ಬಂತು. ಉಳಿದರ್ಧ ಬರುವಷ್ಟರಲ್ಲಿ ಬಸ್ಸು ನಿಂತಿತು.

ಹಗರೆಯ ಡೈರಿಯ ಮುಂದೆ ಕ್ಯಾನುಗಳ ಸಾಲು, ಒದ್ದೆ ನೆಲ, ಹಾಲಿನ ವಾಸನೆ. ಜವರಯ್ಯ ಖಾಲಿ ಕ್ಯಾನನ್ನು ಕೈಗೆ ತೂಗುಹಾಕಿಕೊಂಡು ರಸ್ತೆಯಂಚಿಗೇ ಬಂದು ನಿಂತಿದ್ದ. ಬೆನ್ನು ಸ್ವಲ್ಪ ಬಗ್ಗಿತ್ತು. ಹೆಗಲ ವಸ್ತ್ರ ಅದೇ ರೀತಿ. ಪೇಣ್ಕರ್ ಸೌಂದರ್ಯಳನ್ನು ಕರೆಯಬೇಕೆಂದುಕೊಳ್ಳುತ್ತಲೇ ಸಿರಿಯ ಹಿಂದೆ ತಾನೇ ಇಳಿದುಬಿಟ್ಟಿದ್ದ.

"ಏನ್ ಮ್ಯಾಷ್ಟ್ರೇ, ಗೆದ್ರಂತಾ?" ಮುದುಕ ಎರಡೂ ಕೈ ಎತ್ತಿ ಮುಗಿದ. ಕ್ಯಾನು ಟಣ್ಣೆಂದಿತು. "ನೀವಿದ್ದೀರಿ ಅಂತಾನೇ ಇವಳ್ನ ಅಷ್ಟ್ ದೂರ ಕಳಿಸಿರೋದು. ಎಣಿಸ್ಕಂಡ್ ಕರ್ಕಂಡ್ ಹೋಗಿ ಎಣಿಸ್ಕಂಡ್ ಬತ್ತಾರೆ ಕಣೇ ನಿಮ್ ಮ್ಯಾಷ್ಟ್ರು ಅಂತ ಇವಳಿಗೂ ಹೇಳಿವ್ನಿ."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಪೇಣ್ಕರ್ ತಪ್ಪಿಸಿಕೊಂಡುಬಿಡುತ್ತಿದ್ದನೋ ಏನೋ.

"ನಾನು ಎಣಿಸಲ್ಲ ಜವರಯ್ಯನವರೇ," ಅಂದ. ಧ್ವನಿ ಅವನಿಗೇ ಅಪರಿಚಿತವಾಗಿತ್ತು. "ಅವತ್ತೂ ಎಣಿಸಿರಲಿಲ್ಲ."

"ಯಾವತ್ತು?"

"ಹೇಮಾಶ್ರೀ ಹಳೇಬೀಡಲ್ಲಿ ಉಳಿದ ದಿವಸ. ಪ್ರಿನ್ಸಿಪಾಲರ ಮುಂದೆ ಹನ್ನೆರಡಿತ್ತು ಅಂದೆನಲ್ಲ, ಅದು ಹುಡುಗಿಯರನ್ನ ಎಣಿಸಿದ್ದಲ್ಲ. ಇವನ್ನ." ಜೇಬಿಗೆ ಕೈ ಹಾಕಿ ಹುಣಸೆಬೀಜಗಳನ್ನು ಅಂಗೈಯಲ್ಲಿ ಚಾಚಿದ. ಬೆರಳ ಸಂದಿಯಿಂದ ಒಂದೆರಡು ಒದ್ದೆ ನೆಲಕ್ಕೆ ಬಿದ್ದವು. "ತಲೆಗೊಂದು ಬೀಜ ಹಾಕಿಸ್ತೀನಿ. ಅವಳದ್ದನ್ನ ಇನ್ನೊಬ್ಬ ಹುಡುಗಿ ಹಾಕಿದ್ಲು. ಹೇಮಾ ಬಸ್ ಹತ್ತಲೇ ಇಲ್ಲ. ಇಳಿಯೋದೆಲ್ಲಿ ಬಂತು? ಬಿಟ್ಟು ಬಂದವನು ನಾನು. ಅವತ್ತೇ ರಾತ್ರಿ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿಮ್ಮ ಮುಂದೆ ಹಾಗಂದೆ. ನಿಮ್ಮ ಮಗಳು ಹೇಳಿದ್ದೇ ನಿಜ."

ಡೈರಿಯೊಳಗೆ ಯಾರೋ ಯಾರದೋ ಹೆಸರು ಕೂಗುತ್ತಿದ್ದರು. ಸಿರಿ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಪೇಣ್ಕರ್ ಕಾಲರಿಗೆ ಬರುವ ಕೈಗಾಗಿ ಕಾಯುತ್ತಿದ್ದ. ಮುದುಕ ಕ್ಯಾನನ್ನು ನೆಲಕ್ಕಿಟ್ಟ. ಬಗ್ಗಿ, ಬಿದ್ದ ಬೀಜಗಳನ್ನು ಒಂದೊಂದಾಗಿ ಆರಿಸಿ, ಪಂಚೆಗೆ ಒರೆಸಿ, ಪೇಣ್ಕರನ ಅಂಗೈಗೆ ವಾಪಸು ಹಾಕಿದ.

"ಬೀಜ ಯಾಕೆ?" ಎಂದು ಕೇಳಿದ.

ಬಂತು. ಅಂದು ಹೆದರಿದ್ದ ಅದೇ ಪ್ರಶ್ನೆ. ಪೇಣ್ಕರ್ ಹೇಳಿದ. ಯಹೂದಿ ಎಂದ, ಕೊಂಕಣ ಎಂದ, ಅಪ್ಪ ಗಾರ್ಡು ಎಂದ, ಮಕ್ಕಳನ್ನು ಎಣಿಸಬಾರದು, ಎಣಿಸಿದರೆ ಕೇಡು, ರಾಜ, ಮಾರಿ. ಒಂದಕ್ಕೊಂದು ಕೂಡದ ಹಾಗೆ, ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸುವವನ ಹಾಗೆ. "ಹೇಳೋಕೆ ನಾಚಿಕೆಯಾಯ್ತು. ನಗ್ತಾರೆ ಅನ್ನಿಸ್ತು," ಅಂದು ನಿಲ್ಲಿಸಿದ.

"ಇಷ್ಟೇನಾ?"

ಜವರಯ್ಯ ಅವನ ಅಂಗೈಯಿಂದ ಒಂದು ಬೀಜ ತೆಗೆದು ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟ.

"ನಾವೇನ್ ಎಣಿಸ್ತೀವಾ ಮ್ಯಾಷ್ಟ್ರೇ? ಕಣದಾಗೆ ರಾಶಿ ಅಳೆಯುವಾಗ ಮೊದಲ್ನೇ ಕೊಳಗಕ್ಕೆ ಒಂದು ಅಂತೀವಾ? ಲಾಭ ಅಂತೀವಿ. ಲಾಭ, ಎರಡು, ಮೂರು. ಒಂದು ಅಂದ್ಬುಟ್ರೆ ಆಯ್ತು, ಮುಂದಕ್ಕೆ ಏಳಕ್ಕಿಲ್ಲ ರಾಶಿ. ನಮ್ಮವ್ವ ಮಕ್ಕಳೆಷ್ಟು ಅಂತ ಕೇಳಿದೋರ್ಗೆ ದೇವ್ರು ಕೊಟ್ಟಷ್ಟು ಅನ್ನೋಳು, ಲೆಕ್ಕ ಹೇಳ್ತಿರ್ಲಿಲ್ಲ." ಉಸಿರು ತೆಗೆದುಕೊಂಡ. "ಆ ಪ್ರಿನ್ಸಿಪಾಲ್ ಬುದ್ಧಿಯೋರಿಗೆ ತಿಳೀತಿತ್ತೋ ಇಲ್ವೋ ಕಾಣೆ. ನಂಗ್ ತಿಳೀತಿತ್ತು. ಅವತ್ತು ಆ ರೂಮಲ್ಲಿ ನನ್ ಮಕ ನೋಡ್ಕಂಡು ಇದೊಂದ್ ಮಾತ್ ಅಂದಿದ್ರೆ, ಸರಿ ಬುಡಿ ಮ್ಯಾಷ್ಟ್ರೇ, ತೆಪ್ಪಾಯ್ತದೆ ಅಂತಂದು ಮಗೀನ ಅಲ್ಲೇ ಕ್ಲಾಸಿಗ್ ಕಳಿಸ್ಬುಟ್ ಬತ್ತಿದ್ದೆ."

ಬೈದಿದ್ದರೆ ಎಷ್ಟು ಸುಲಭವಿತ್ತು. ಪೇಣ್ಕರನಿಗೆ ದ್ಯಾವಮ್ಮ ಬಾಗಿಲಲ್ಲಿ ನಿಂತು ದೀಪಕ್ಕೆ ಕೈ ಮುಗಿದದ್ದು ಕಣ್ಣಿಗೆ ಕಟ್ಟಿತು. ಯಾರ ನಗುವಿಗೆ ಹೆದರಿದೆ? ನಗಲು ಅಲ್ಲಿ ಯಾರಿದ್ದರು? ಕ್ಷಮಿಸಿ ಎಂದು ಏನೋ ಅಂದ. ಮುದುಕ ಕೇಳಿಸಿಕೊಳ್ಳಲಿಲ್ಲ. ಅವನ ದೃಷ್ಟಿ ರಸ್ತೆಯಲ್ಲಿ ಬೇಲೂರಿನ ಕಡೆಗಿತ್ತು. ವಸ್ತ್ರವನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಸಿರಿ."

"ಏನ್ ತಾತ?"

"ನಿಮ್ಮವ್ವ ಯಾವ ಬಸ್ಸಿಗ್ ಹೋದ್ಲು?"

"ಬಿಕ್ಕೋಡ್ ಬಸ್ಸು ತಾತ. ನಾಲ್ಕೂವರೇದು."

"ಸೀಟ್ ಸಿಕ್ತಂತಾ?"

"ಗೊತ್ತಿಲ್ಲ ತಾತ."

"ಫೋನ್ ಹಚ್ಚು," ಎಂದ ಜವರಯ್ಯ. "ನಾನೇ ಕೇಳ್ತೀನಿ." ಹುಡುಗಿ ಗುಂಡಿ ಒತ್ತಿ ಫೋನನ್ನು ಕೊಟ್ಟಳು. ಅವನು ಅದನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಪೇಣ್ಕರನಿಗೆ ಬೆನ್ನು ಮಾಡಿ ನಿಂತ. ಅತ್ತ ಗಂಟೆ ಬಾರಿಸುತ್ತಿರಬೇಕು. ಬಗ್ಗಿದ ಬೆನ್ನು ಅಲುಗಲಿಲ್ಲ.

ಅದನ್ನು ಕೇಳಿಸಿಕೊಳ್ಳುವ ಹಕ್ಕು ತನಗಿಲ್ಲವೆಂದು ಪೇಣ್ಕರ್ ಬಸ್ಸು ಹತ್ತಿದ. ಇಂದ್ರೇಶ ಇಂಜಿನ್ ಶುರು ಮಾಡಿ, "ಎಲ್ರೂ ಅವ್ರಾ ಸಾರ್? ಕ್ಯಾಪ್ ಹಿಡೀರಿ ಮತ್ತೆ," ಅಂದ. ಹುಡುಗಿಯರು ಬಾಟಲಿಗೆ ಕೈ ಚಾಚಿದರು. ಪೇಣ್ಕರ್ ಕ್ಯಾಪನ್ನು ತಲೆಗೆ ಹಾಕಿಕೊಂಡ. ಮೊದಲ ಸೀಟಿನ ಬಳಿ ನಿಂತು ಬಲಗೈಯನ್ನೆತ್ತಿದ. ತೋರುಬೆರಳನ್ನು ಚಾಚಿದ. ಸೂರಿನ ಕಡೆ ಕೈ ಮಾಡಿದ ಅಪ್ಪ, ಬಂದು ಹೊಕ್ಕ ಮಾರಿ, ಹಳೇಬೀಡಿನ ನಲ್ಲಿ, ಎಲ್ಲವೂ ಆ ಬೆರಳ ತುದಿಯಲ್ಲಿ ನಿಂತಿದ್ದವು. ಸೌಂದರ್ಯ ನಗು ತಡೆದುಕೊಂಡು, "ಏನ್ ಸಾರ್?" ಅಂದಳು. ಅವನು ಅವಳ ನೆತ್ತಿಯನ್ನು ಮೆಲ್ಲಗೆ ಮುಟ್ಟಿದ.

"ಲಾಭ," ಅಂದ.

ಕಾದ. ಏನೂ ಆಗಲಿಲ್ಲ. ಪಕ್ಕದ ತಲೆಗೆ ಕೈ ಸರಿಸಿದ.

"ಎರಡು."